ಜೋಳದ ಸೀಮೆಯ ಚಹಾ

ವಿಜಯಪುರ ಜಿಲ್ಲೆಯ ಗೊಳಸಂಗಿಯ ಸುತ್ತಲಿನ ಒಣ ಬಯಲಿನಲ್ಲಿ ಜೋಳ, ತೊಗರಿ ಬೆಳೆಯುತ್ತವೆ. ಚಹಾ ಗಿಡಕ್ಕೆ ಬೇಕಾದಷ್ಟು ಮಳೆ ಇಲ್ಲಿಲ್ಲ. ಆದರೂ ಮನೆಗೆ ಬಂದವರಿಗೆ ಮೊದಲು ನೀರು, ಹಿಂದೆಯೇ ಚಹಾ. "ಚಾ ಕುಡದ ಹೋಗ್ರಿ" ಎಂದ ಮೇಲೆ ಎದ್ದು ಹೋಗುವುದು ಕಷ್ಟ.

ಹಳೇ ಮೈಸೂರು ಕಾಫಿಗೆ ಒಲಿದರೆ, 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಈ ಸೀಮೆ ಚಹಾಕ್ಕೆ ಒಲಿಯಿತು. ಆದರೆ ಭಾರತೀಯರಿಗೆ ಚಹಾ ತಾನಾಗಿಯೇ ರೂಢಿಯಾಗಲಿಲ್ಲ. 1903ರ ಕಾಯ್ದೆಯಂತೆ ಚಹಾ ರಫ್ತಿನ ಮೇಲೆ ಸೆಸ್ ವಸೂಲಿ ಮಾಡಿ, ಆ ಹಣದಿಂದ ಪ್ರಚಾರ ನಡೆಸಲಾಯಿತು. ರೈಲು ನಿಲ್ದಾಣಗಳಲ್ಲೂ ಚಹಾ ಮಾಡಿ ತೋರಿಸಿದರು.

ಚಹಾವನ್ನು ಬಡವರ ಕೈಗೆಟುಕಿಸಿದ್ದು ಯಂತ್ರ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಂದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಕಾಳಿನಂತೆ ಸುರುಳಿ ಮಾಡುತ್ತದೆ. ಈ ಪುಡಿ ಬೇಗ ಬಣ್ಣ ಬಿಡುತ್ತದೆ, ಸ್ವಲ್ಪ ಹಾಕಿದರೂ ಕಡಕ್ ಆಗುತ್ತದೆ. ಬೋಗಣಿಯಲ್ಲಿ ನೀರು, ಸಕ್ಕರೆ, ಪುಡಿ, ಜಜ್ಜಿದ ಶುಂಠಿ ಕುದಿಸಿ ಹಾಲು ಹಾಕಿದಾಗ, ಹಾಲಿನ ಪ್ರೋಟೀನು ಎಲೆಯ ಒಗರನ್ನು ಹಿಡಿದುಕೊಳ್ಳುತ್ತದೆ. ಇಷ್ಟು ಕುದಿದರೂ ಕಹಿ ಮೇಲಾಗದೆ ಉಳಿಯುವುದು ಅದರಿಂದಲೇ. ಬಿಸಿ ತಾಳದವರು ಬಸಿಗೆ ಸುರಿದು ಹೀರುತ್ತಾರೆ.

ಹೀಗೆ ಬೋಗಣಿಯಲ್ಲಿ ಕುದಿಯುವುದು ಕಪ್ಪು ಚಹಾ. ಹಸಿರು ಚಹಾ, ಕಪ್ಪು ಚಹಾ ಎರಡೂ ಒಂದೇ ಗಿಡದವು. ಕಿತ್ತ ಎಲೆಯನ್ನು ಬೇಗನೆ ಬಿಸಿ ಮಾಡಿದರೆ ಹಸಿರಾಗಿ ಉಳಿಯುತ್ತದೆ. ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಹಸಿರು ಚಹಾವನ್ನು ಕುದಿಸಬಾರದು: ಸುಮಾರು 80 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಸಾಕು.