ವಿಧಿವಿಜ್ಞಾನ (ಪದವಿಯ ಉಪವಿಷಯ)

ರಕ್ತ, ಬೆರಳಚ್ಚು, ವಿಷ, ಮೊಬೈಲ್ ದತ್ತಾಂಶಗಳನ್ನು ನ್ಯಾಯಾಲಯದ ಸಾಕ್ಷ್ಯಕ್ಕಾಗಿ ಪರೀಕ್ಷಿಸುವ ಶಾಸ್ತ್ರ. ರಸಾಯನಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಮುಖ್ಯವಾಗಿಟ್ಟುಕೊಂಡು ಇದನ್ನು ಜೊತೆಗೆ ಓದುವುದೇ ಲೇಸು; ಪ್ರಯೋಗಾಲಯದ ಕೆಲಸ ನಿಂತಿರುವುದು ಮೂಲವಿಜ್ಞಾನದ ಮೇಲೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ಯಾರ್ಥಿಗಳಿಗೆ ಉತ್ತರ ಕರ್ನಾಟಕದಲ್ಲೇ ಇರುವ ನೆಲೆ ಧಾರವಾಡ. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು.

2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನಂತೆ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕು. ಇದನ್ನು ಅಳವಡಿಸಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ. ಭತ್ತ, ಹತ್ತಿ ಬೆಳೆಯುವ ಸಿಂಧನೂರು, ಮಸ್ಕಿಯ ಈ ಸೀಮೆಯಲ್ಲಿ ಕೀಟನಾಶಕ ಮನೆಮನೆಯಲ್ಲೂ ಇರುವ ವಸ್ತು. ವಿಷದ ಅನುಮಾನವಿರುವ ಸಾವಿನಲ್ಲಿ ಒಳಾಂಗಗಳ ಮಾದರಿ ಪರೀಕ್ಷೆಗೆ ಹೋಗುತ್ತದೆ. ಹೀಗಾಗಿ ಇಲ್ಲಿನವರಿಗೆ ಬೆರಳಚ್ಚಿಗಿಂತ ವಿಷಶಾಸ್ತ್ರವೇ ಹೆಚ್ಚು ಬಳಕೆಗೆ ಬರುವ ಭಾಗ.