ಓವೆನ್ಸ್ ಸರೋವರದ ಧೂಳಿನ ಮೂಲಶೋಧ

ಕ್ಯಾಲಿಫೋರ್ನಿಯಾದ ಪೂರ್ವಭಾಗದಲ್ಲಿ, ಸಿಯೆರಾ ನೆವಾಡಾ ಪರ್ವತಸಾಲಿನ ಮಳೆನೆರಳಿನಲ್ಲಿರುವ ಓವೆನ್ಸ್ ಕಣಿವೆಯು ಹಿಂದಿನಿಂದಲೂ ಒಣಸೀಮೆಯೇ ಆಗಿದ್ದರೂ, ಅದರ ತಗ್ಗಿನ ಉಪ್ಪುನೀರಿನ ಸರೋವರದಲ್ಲಿ 1870ರ ದಶಕದಲ್ಲಿ ಸೆರೊ ಗೋರ್ಡೊ ಗಣಿಯ ಬೆಳ್ಳಿ-ಸೀಸದ ಗಟ್ಟಿಗಳನ್ನು ಹೊತ್ತು ಉಗಿದೋಣಿ ಓಡಾಡುತ್ತಿತ್ತು. 1913ರಲ್ಲಿ ಲಾಸ್ ಏಂಜಲೀಸ್ ನಗರವು ಕಾಲುವೆ ಕಟ್ಟಿ ಓವೆನ್ಸ್ ನದಿಯ ನೀರನ್ನು ಸುಮಾರು 375 ಕಿಲೋಮೀಟರ್ ದೂರಕ್ಕೆ ಒಯ್ದ ಮೇಲೆ, 1920ರ ದಶಕ ಮುಗಿಯುವಷ್ಟರಲ್ಲಿ ಸರೋವರ ಬತ್ತಿ, ಉಪ್ಪಿನ ಬಯಲು ಗಾಳಿಗೆ ಮೈಯೊಡ್ಡಿತು.

ದಡದ ಕೀಲರ್ ಊರಿನವರಿಗೂ ಕಣಿವೆಯ ಮೂಲನಿವಾಸಿಗಳಾದ ಪಾಯೂಟರಿಗೂ ಧೂಳು ಎಲ್ಲಿಂದ ಏಳುತ್ತದೆಂಬುದು ಕಣ್ಣೆದುರಿನ ಸಂಗತಿಯೇ ಆಗಿದ್ದರೂ, ಕಾನೂನಿಗೆ ಅಷ್ಟು ಸಾಕ್ಷ್ಯ ಸಾಲದು. 1987ರಲ್ಲಿ ಅಮೆರಿಕವು ಪಿಎಂ 10ಕ್ಕೆ, ಅಂದರೆ ಹತ್ತು ಮೈಕ್ರೋಮೀಟರಿಗಿಂತ ಹೆಚ್ಚು ಅಗಲವಿಲ್ಲದ, ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿಯಬಲ್ಲ ಕಣಗಳಿಗೆ, 24 ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ 150 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. ಕಣಿವೆಯ ಬಿರುಗಾಳಿಯ ದಿನಗಳಲ್ಲಿ ಈ ಅಳತೆ ಸಾವಿರಗಳನ್ನು ಮುಟ್ಟುತ್ತಿತ್ತು. ಆದರೆ ಊರಿನಲ್ಲಿಟ್ಟ ಮಾಪಕವು ಧೂಳು ಎಷ್ಟಿದೆಯೆಂದು ತಿಳಿಸಬಲ್ಲದೇ ಹೊರತು ಬಯಲಿನ ಯಾವ ಭಾಗದಿಂದ ಎದ್ದಿತೆಂದಲ್ಲ. 1983ರ ರಾಜ್ಯ ಕಾನೂನಿನ ಪ್ರಕಾರ ನಿಯಂತ್ರಣದ ಖರ್ಚನ್ನು ನಗರವೇ ಹೊರಬೇಕಾದ್ದರಿಂದ, ಒಂದೊಂದು ತುಣುಕು ನೆಲವೂ ವಾದದ ವಸ್ತುವಾಯಿತು.

ಧೂಳನ್ನು ಬಿಟ್ಟು ಮರಳಿನ ಜಾಡು ಹಿಡಿದದ್ದು ಗ್ರೇಟ್ ಬೇಸಿನ್ ವಾಯುಮಾಲಿನ್ಯ ನಿಯಂತ್ರಣ ಮಂಡಳಿಯ ಜಾಣತನ. ಚಳಿಗಾಲದ ತೇವದಲ್ಲಿ ಸೋಡಿಯಂ ಲವಣಗಳು ನೀರು ಹೀರಿ ಉಬ್ಬಿ, ನೆಲದ ಮೇಲ್ಪದರವನ್ನು ಬೂದಿಯಂತೆ ಸಡಿಲಗೊಳಿಸುತ್ತವೆ. ಗಾಳಿಗೆ ಕುಪ್ಪಳಿಸುವ ಮರಳಕಣಗಳು ಆ ಪದರವನ್ನು ಒಡೆದು ಸೂಕ್ಷ್ಮ ಧೂಳನ್ನು ಮೇಲೆಬ್ಬಿಸುತ್ತವೆ. ಈ ಕುಪ್ಪಳಿಕೆಗೆ ವಿಜ್ಞಾನಿಗಳು ಸಾಲ್ಟೇಶನ್ ಎನ್ನುತ್ತಾರೆ. ಆದ್ದರಿಂದ ಬಯಲಿನಲ್ಲಿ ಹೆಚ್ಚಾಗಿ ಕಿಲೋಮೀಟರಿಗೊಂದರಂತೆ ಮರಳು ಹಿಡಿಯುವ ಕೊಳವೆಗಳನ್ನು ನೆಲದಿಂದ 15 ಸೆಂಟಿಮೀಟರ್ ಎತ್ತರಕ್ಕೆ ಬಾಯಿ ಬರುವಂತೆ ನೆಟ್ಟು, ಪಕ್ಕದಲ್ಲೇ ಮರಳಕಣಗಳ ಬಡಿತವನ್ನು ದಾಖಲಿಸುವ ವಿದ್ಯುನ್ಮಾನ ಉಪಕರಣವನ್ನಿಟ್ಟರು. ಕೊಳವೆಯ ಮರಳನ್ನು ತೂಗಿದರೆ ಒಟ್ಟು ಮೊತ್ತ, ಬಡಿತದ ದಾಖಲೆ ನೋಡಿದರೆ ಅದು ಯಾವ ಗಂಟೆಯಲ್ಲಿ ಎಷ್ಟು ಬಂದಿತೆಂಬ ಲೆಕ್ಕ ಸಿಗುತ್ತಿತ್ತು. ಇದನ್ನು ಕ್ಯಾಮೆರಾ ಚಿತ್ರಗಳೊಡನೆಯೂ ಗಾಳಿಯ ದಿಕ್ಕಿನೊಡನೆಯೂ ತಾಳೆ ನೋಡಿ, ಧೂಳೆದ್ದ ತುಣುಕಿನ ಗಡಿ ಗುರುತಿಸಲಾಯಿತು.

2001ರಿಂದ ನಗರವು ಅಂಥ ತುಣುಕುಗಳಿಗೆ ತೆಳುವಾಗಿ ನೀರು ನಿಲ್ಲಿಸಿ, ಉಪ್ಪು ತಾಳುವ ಹುಲ್ಲು ಬೆಳೆಸಿ, ಜಲ್ಲಿ ಹಾಸಿ ಧೂಳು ಅಡಗಿಸತೊಡಗಿತು. ಒಯ್ದ ನೀರಿನಲ್ಲಿ ಒಂದು ಪಾಲನ್ನು ಮತ್ತೆ ಅಲ್ಲೇ ಸುರಿಯಬೇಕಾಗಿ ಬಂದದ್ದು ಕಾಲುವೆ ಕಟ್ಟಿದವರು ಎಣಿಸಿದ್ದ ಸಂಗತಿಯಲ್ಲ. ಇಷ್ಟಾದರೂ ಹಳೆಯ ದಡದಾಚೆ, ಕೀಲರಿನ ಪಕ್ಕದ ಮರಳುದಿಬ್ಬಗಳ ತಕರಾರು ಉಳಿಯಿತು. ಅವು ನಿಸರ್ಗದ ಸೃಷ್ಟಿಯೆಂದು ನಗರವೂ, ಬತ್ತಿದ ತಳದಿಂದ ಹಾರಿಬಂದ ಮರಳೆಂದು ಮಂಡಳಿಯೂ ವಾದಿಸಿ, ಕಡೆಗೆ ರಾಜಿಯಾಗಿ, ನಗರದ ಹಣದಲ್ಲಿ ದಿಬ್ಬಗಳ ಮೇಲೆ ಹುಲ್ಲಿನ ಪೆಂಡಿಗಳನ್ನಿಟ್ಟು ಅವುಗಳ ಮರೆಯಲ್ಲಿ ಸ್ಥಳೀಯ ಕುರುಚಲು ಗಿಡಗಳನ್ನು ನೆಡಲಾಯಿತು.