ನುಡಿಗಟ್ಟುಗಳ ಬಾಗಿಲಿನಿಂದ ಲ್ಯಾಟಿನ್

ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷಗಳು ತುಂಬಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಯ ಸಂಪಾದಕ ಬಳಗದವರು ನನ್ನಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದರು. ದೇವಾಲಯದ ಕಟ್ಟಡವನ್ನು ಕುರಿತೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನು ಕುರಿತೂ ಬಲ್ಲವರು ಬರೆದಿದ್ದಾರೆ. ಆದುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಈ ನೂರು ವರ್ಷಗಳ ಮೊದಲ ಭಾಗದಲ್ಲಿ ನಮ್ಮ ಬಲಿಪೀಠದ ಮುಂದೆ ದಿನನಿತ್ಯ ಕೇಳಿಬರುತ್ತಿದ್ದ ಲ್ಯಾಟಿನ್ ಭಾಷೆಯನ್ನು ಕ್ರೈಸ್ತ ಜಗತ್ತು ಹೇಗೆ ಕಲಿತುಕೊಂಡು ಬಂದಿತು, ಆ ಭಾಷೆಯಲ್ಲಿ ನಮಗಿಂದಿಗೂ ಏನು ಕೆಲಸವಿದೆ ಎಂಬುದೇ ಆ ವಿಷಯ.

ಹೀಗೆ ಬರೆಯಲು ಒಂದು ಘಟನೆ ಕಾರಣವಾಯಿತು. ಕೆಲವು ವರ್ಷಗಳ ಹಿಂದೆ, ಬೆಳಗಿನ ಪೂಜೆಯಾದ ಮೇಲೆ, ಎಂಬತ್ತು ದಾಟಿದ ಹಿರಿಯರೊಬ್ಬರು ಗುರುನಿವಾಸಕ್ಕೆ ಬಂದು ಕುಳಿತರು. “ಸ್ವಾಮಿ, ನಾನು ಹುಟ್ಟುವುದಕ್ಕೆ ಮೊದಲು ನನಗೊಬ್ಬಳು ಅಕ್ಕ ಹುಟ್ಟಿ ಅದೇ ದಿನ ತೀರಿಕೊಂಡಳಂತೆ. ಅಮ್ಮನಿಗೆ ಆಗ ಜ್ವರ ಬಂದು ಎಚ್ಚರವೇ ಇರಲಿಲ್ಲ. ಮಗುವಿಗೆ ಜ್ಞಾನಸ್ನಾನ ಆಯಿತು ಎಂದು ಮನೆಯವರು ಹೇಳಿದರೂ, ತನ್ನ ಸಮಾಧಾನಕ್ಕೆ ಹಾಗೆ ಹೇಳುತ್ತಾರೆ ಎಂದೇ ಅಮ್ಮ ತಿಳಿದಿದ್ದಳು. ಆ ಕೊರಗಿನಲ್ಲೇ ಹೋದಳು. ಹಳೆಯ ಪುಸ್ತಕದಲ್ಲಿ ಏನಾದರೂ ಇದೆಯೇ ನೋಡುತ್ತೀರಾ?” ಎಂದು ಕೇಳಿದರು.

ಬೀರುವಿನಿಂದ 1938ರ ಜ್ಞಾನಸ್ನಾನದ ದಫ್ತರವನ್ನು ತೆಗೆದೆ. ಅಂದಿನ ಧರ್ಮಕೇಂದ್ರಗಳ ಬಹುತೇಕ ದಾಖಲೆಗಳಂತೆ ಅದೂ ಲ್ಯಾಟಿನ್‌ನಲ್ಲಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಆ ಸಾಲು ಸಿಕ್ಕಿತು. ‘ಇನ್ ಪೆರಿಕುಲೊ ಮೊರ್ತಿಸ್ ಅಬ್ ಒಬ್‌ಸ್ತೆತ್ರಿಚೆ ಬಾಪ್ತಿಜಾತಾ’, ಮರಣದ ಅಪಾಯದಲ್ಲಿದ್ದಾಗ ಸೂಲಗಿತ್ತಿಯಿಂದ ಜ್ಞಾನಸ್ನಾನ ಪಡೆದವಳು. ಪಕ್ಕದಲ್ಲಿ ‘ಎಯಾದೆಮ್ ದಿಯೆ ಒಬಿಯಿತ್’, ಅದೇ ದಿನ ಮೃತಳಾದಳು. ಮಗುವಿನ ಹೆಸರೂ ಅಲ್ಲಿತ್ತು. ಮನೆಯಲ್ಲಿ ಯಾರಿಗೂ ತಿಳಿಯದಿದ್ದ ಹೆಸರು. ಹಿರಿಯರು ಅದನ್ನು ಎರಡು ಸಲ ಹೇಳಿಸಿಕೊಂಡು, “ಅಮ್ಮ ಇದ್ದಾಗಲೇ ಬಂದು ಕೇಳಬೇಕಿತ್ತು” ಎಂದು ಎದ್ದುಹೋದರು. ದೇವರ ಕರುಣೆಗೆ ದಾಖಲೆಯ ಅವಶ್ಯಕತೆಯಿಲ್ಲ. ಆದರೆ ಆ ತಾಯಿಯ ಮನಸ್ಸಿಗೆ ಅದು ಬೇಕಾಗಿತ್ತು. ಆಕೆಯ ಮನೆಗೂ ನಮ್ಮ ಬೀರುವಿಗೂ ನಡುವೆ ಇದ್ದುದು ಒಂದು ಬೀದಿ ಮತ್ತು ಒಂದು ಭಾಷೆ ಮಾತ್ರ.

ಹಿಂದಿನವರು ಕಲಿತ ಬಗೆ

ಲ್ಯಾಟಿನ್ ಎಂದೊಡನೆ ವಿಭಕ್ತಿಗಳ ಪಟ್ಟಿ, ಕ್ರಿಯಾಪದಗಳ ಕೋಷ್ಟಕ ಇವೇ ಕಣ್ಣಮುಂದೆ ನಿಲ್ಲುತ್ತವೆ. ಗುರುಮಠದಲ್ಲಿ ನಾನೂ ಹಾಗೆಯೇ ಆರಂಭಿಸಿದೆ. ರಾತ್ರಿ ಕಂಠಪಾಠ ಮಾಡಿದ ಇಪ್ಪತ್ತು ಪದಗಳಲ್ಲಿ ಬೆಳಿಗ್ಗೆ ಐದು ಉಳಿದರೆ ಹೆಚ್ಚು. ಇದನ್ನು ಕಂಡ ವೃದ್ಧ ಗುರುಗಳೊಬ್ಬರು, “ಪದವನ್ನು ಒಂಟಿಯಾಗಿ ಕಲಿಯಬೇಡಪ್ಪ, ಮಾತಿನೊಳಗಿಟ್ಟು ಕಲಿ” ಎಂದರು. ಅವರು ಹೇಳಿದ್ದು ಹೊಸ ಉಪಾಯವಲ್ಲ, ಬಹು ಪ್ರಾಚೀನ ಪದ್ಧತಿಯೆಂದು ಆಮೇಲೆ ತಿಳಿದುಬಂದಿತು.

ಮಧ್ಯಯುಗದ ಯುರೋಪಿನ ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಕೊಡುತ್ತಿದ್ದ ಪುಸ್ತಕಗಳಲ್ಲಿ ಕೇಟೋವಿನ ಹೆಸರಿನಲ್ಲಿ ಪ್ರಸಿದ್ಧವಾದ ನೀತಿ ದ್ವಿಪದಿಗಳು ಮುಖ್ಯವಾದವು. ಅಕ್ಷರ ಕಲಿತ ಬಾಲಕನು ಆ ಹಿತವಚನಗಳನ್ನು ಬಾಯಿಪಾಠ ಮಾಡುತ್ತಿದ್ದನು. ಪದಗಳು ಅವುಗಳೊಡನೆ ತಾವಾಗಿಯೇ ಬರುತ್ತಿದ್ದವು. ಅನಂತರ ಹಾಲೆಂಡಿನ ಗುರುವೂ ವಿದ್ವಾಂಸನೂ ಆಗಿದ್ದ ಎರಾಸ್ಮಸ್ 1500ರಲ್ಲಿ ಪ್ಯಾರಿಸ್ಸಿನಲ್ಲಿ ಸುಮಾರು 800 ಗಾದೆಗಳ ಸಂಗ್ರಹವೊಂದನ್ನು ಅಚ್ಚು ಹಾಕಿಸಿದನು. ಜೀವಮಾನವೆಲ್ಲ ಅದನ್ನು ಬೆಳೆಸುತ್ತಲೇ ಹೋದನು. 1536ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಗಾದೆಗಳ ಸಂಖ್ಯೆ 4,000ವನ್ನು ಮೀರಿತ್ತು.

ಈ ಮಾರ್ಗದಲ್ಲಿ ಮುಂದಿನ ಹೆಜ್ಜೆಯನ್ನಿಟ್ಟವರು ಯೇಸುಸಭೆಯ ಗುರು ವಿಲಿಯಂ ಬೇತ್. ಡಬ್ಲಿನ್ನಿನಲ್ಲಿ ಹುಟ್ಟಿ ಸ್ಪೇನಿನ ಸಲಮಾಂಕಾ ನಗರದ ಐರಿಷ್ ವಿದ್ಯಾಲಯದಲ್ಲಿದ್ದ ಇವರು 1611ರಲ್ಲಿ ‘ಯಾನುವಾ ಲಿಂಗ್ವಾರುಮ್’, ಅಂದರೆ ‘ಭಾಷೆಗಳ ಬಾಗಿಲು’ ಎಂಬ ಗ್ರಂಥವನ್ನು ಪ್ರಕಟಿಸಿದರು. ಸುಮಾರು 1,200 ವಾಕ್ಯಗಳು, ಅವುಗಳಲ್ಲಿ ಸುಮಾರು 5,300 ಪದಗಳು. ಸಣ್ಣಪುಟ್ಟ ಅವ್ಯಯಗಳನ್ನು ಬಿಟ್ಟರೆ ಯಾವ ಪದವೂ ಎರಡನೆಯ ಸಲ ಬಾರದಂತೆ ಹೆಣೆದ ಸಾಹಸ ಅದು. ಪರದೇಶಗಳಿಗೆ ಹೊರಟ ಧರ್ಮಪ್ರಚಾರಕರೂ ಪಾಪನಿವೇದನೆ ಕೇಳುವ ಗುರುಗಳೂ ಬೇಗನೆ ಭಾಷೆ ಕಲಿಯಲೆಂಬುದು ಅವರ ಉದ್ದೇಶವಾಗಿತ್ತು.

ಇದೇ ‘ಬಾಗಿಲು’ ಎಂಬ ಹೆಸರನ್ನು ಇಟ್ಟುಕೊಂಡು 1631ರಲ್ಲಿ ಇನ್ನೊಂದು ಪುಸ್ತಕ ಬಂದಿತು. ಅದನ್ನು ಬರೆದವನು ಮೊರೇವಿಯದ ಪ್ರಾಟೆಸ್ಟಂಟ್ ಧರ್ಮಾಧ್ಯಕ್ಷ ಕೊಮೇನಿಯಸ್. ಪ್ರತಿಪದವೂ ಒಂದೇ ಸಲ ಬಂದರೆ ಅದರ ಬಳಕೆ ಕಲಿಯುವವನಿಗೆ ಹೇಗೆ ತಿಳಿದೀತು ಎಂದು ಆತ ಬೇತ್ ಅವರ ಕ್ರಮವನ್ನು ಆಕ್ಷೇಪಿಸಿದನು. ಲೋಕದ ವಸ್ತುಗಳನ್ನು ಒಂದು ಕ್ರಮದಲ್ಲಿಟ್ಟು 1,000 ವಾಕ್ಯಗಳನ್ನು ರಚಿಸಿದನು. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಅವನ ಸಚಿತ್ರ ಪುಸ್ತಕ ಮಕ್ಕಳ ಪಠ್ಯಗಳ ಇತಿಹಾಸದಲ್ಲೇ ಹೆಸರಾದದ್ದು. ಕಥೋಲಿಕ ಗುರುವಿಗೂ ಪ್ರಾಟೆಸ್ಟಂಟ್ ಧರ್ಮಾಧ್ಯಕ್ಷನಿಗೂ ಧರ್ಮದಲ್ಲಿ ಭೇದವಿತ್ತು, ವಿಧಾನದಲ್ಲಿ ಭೇದವಿತ್ತು. ಆದರೆ ಪದವು ಮಾತಿನೊಳಗೆ ಬಂದರೆ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯ.

ನಮ್ಮ ನಾಡಿಗೂ ಈ ಶ್ರಮದ ಪಾಲು ಬಂದಿದೆ. ಮೈಸೂರು ಪ್ರಾಂತದಲ್ಲಿ ದುಡಿದ ಪ್ಯಾರಿಸ್ ವಿದೇಶ ಮಿಷನ್ ಸಭೆಯ ಗುರುಗಳು ಸಿದ್ಧಪಡಿಸಿದ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ರೋಮಿನ ಭಾಷೆಯೂ ಕನ್ನಡವೂ ಒಂದೇ ಪುಟದಲ್ಲಿ ಎದುರುಬದುರಾಗಿ ಕುಳಿತದ್ದು ನಮಗೆ ಸಾಮಾನ್ಯ ಸಂಗತಿಯಲ್ಲ.

ನಮಗೆ ಗೊತ್ತಿದ್ದೂ ಗೊತ್ತಿಲ್ಲದ ಲ್ಯಾಟಿನ್

ಭಕ್ತಾದಿಗಳೇ, ‘ನಮಗೆಲ್ಲಿಯ ಲ್ಯಾಟಿನ್’ ಎಂದು ನೀವು ಕೇಳಬಹುದು. ನೀವು ದಿನವೂ ಅದನ್ನು ಆಡುತ್ತಿದ್ದೀರಿ. ನಮ್ಮ ಸ್ಮಶಾನದ ಕಲ್ಲುಗಳ ಮೇಲಿನ ‘ಆರ್.ಐ.ಪಿ.’ ಇಂಗ್ಲಿಷ್ ಮಾತೆಂದು ಬಹುಮಂದಿ ಭಾವಿಸಿದ್ದಾರೆ. ಮೂಲದಲ್ಲಿ ಅದು ‘ರೆಕ್ವಿಯೆಸ್ಕಾತ್ ಇನ್ ಪಾಚೆ’, ಶಾಂತಿಯಲ್ಲಿ ವಿಶ್ರಮಿಸಲಿ. ಇಂಗ್ಲಿಷಿನಲ್ಲೂ ಅವೇ ಅಕ್ಷರಗಳು ಒದಗಿಬಂದವು, ಅಷ್ಟೆ. ಮಕ್ಕಳಿಗಾಗಿ ಶಾಲೆಯಿಂದ ತರುವ ‘ಬೋನಾಫೈಡ್’ ಪತ್ರವೆಂದರೆ ‘ಸದ್ಭಾವದಿಂದ’ ಕೊಟ್ಟದ್ದು. ಅದರಲ್ಲಿರುವ ‘ಫಿದೆಸ್’ ಎಂದರೆ ವಿಶ್ವಾಸ. ನ್ಯಾಯಾಲಯದ ‘ಅಫಿಡವಿಟ್’ ಎಂಬುದರೊಳಗೂ ಅದೇ ಪದವಿದೆ. ಜಗದ್ಗುರು ಎರಡನೆಯ ಜಾನ್ ಪಾಲರು 1998ರಲ್ಲಿ ಹೊರಡಿಸಿದ ‘ಫಿದೆಸ್ ಎತ್ ರಾತ್ಸಿಯೊ’ ಎಂಬ ವಿಶ್ವಪತ್ರದ ಹೆಸರಿನಲ್ಲಿಯೂ ಅದೇ ಇದೆ. ಪತ್ರಿಕೆಗಳಲ್ಲಿ ಓದುವ ‘ಹೇಬಿಯಸ್ ಕಾರ್ಪಸ್’ ಅರ್ಜಿಯ ‘ಕಾರ್ಪಸ್’ ಎಂದರೆ ದೇಹ. ನಾವು ಮೆರವಣಿಗೆಯಲ್ಲಿ ಆಚರಿಸುವ ‘ಕೊರ್ಪುಸ್ ಕ್ರಿಸ್ತಿ’ ಹಬ್ಬವು ಕ್ರಿಸ್ತರ ದೇಹದ ಹಬ್ಬ. ಒಂದು ಮಾತು ತಿಳಿದರೆ ಅದರ ಬಂಧುಬಳಗವೆಲ್ಲ ಪರಿಚಯವಾಗುತ್ತದೆ.

ಇನ್ನು ಆ 1938ರ ಸಾಲಿಗೆ ಬರೋಣ. ‘ಪೋಸ್ಟ್‌ಮಾರ್ಟಂ’ ಎಂಬ ಮಾತನ್ನು ಅರಿಯದವರು ನಮ್ಮ ಊರಿನಲ್ಲಿಲ್ಲ. ‘ಪೋಸ್ತ್ ಮೊರ್ತೆಮ್’, ಮರಣದ ತರುವಾಯ. ‘ಮೊರ್ಸ್’ ಎಂದರೆ ಮರಣ, ‘ಮೊರ್ತಿಸ್’ ಎಂದರೆ ಮರಣದ. ನಾವು ಪ್ರಥಮಾ, ಷಷ್ಠೀ ಎಂದು ಶಾಲೆಯಲ್ಲಿ ಕಲಿತ ವಿಭಕ್ತಿಗಳೇ ಇವು. ಕ್ರಿಸ್ತಶಕವನ್ನು ಸೂಚಿಸುವ ‘ಆನ್ನೊ ದೊಮಿನಿ’ಯಲ್ಲಿ ‘ದೊಮಿನುಸ್’ ಎಂದರೆ ಪ್ರಭು, ‘ದೊಮಿನಿ’ ಎಂದರೆ ಪ್ರಭುವಿನ. ಗಡಿಯಾರದ ‘ಎ.ಎಂ.’ ಎಂದರೆ ‘ಆಂತೆ ಮೆರಿದಿಯೆಮ್’, ನಡುಹಗಲಿಗೆ ಮುನ್ನ. ಅದರಲ್ಲಿರುವ ‘ದಿಯೆಸ್’ ಎಂದರೆ ದಿನ. ‘ಎಯಾದೆಮ್ ದಿಯೆ’ ಎಂಬುದು ಅದೇ ದಿನ. ಆಸ್ಪತ್ರೆಯ ಹೆರಿಗೆ ವಿಭಾಗದ ಫಲಕದ ಮೇಲಿನ ‘ಆಬ್‌ಸ್ಟೆಟ್ರಿಕ್ಸ್’ ಎಂಬುದು ಸೂಲಗಿತ್ತಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ‘ಒಬಿಚುವರಿ’ಯೊಳಗೆ ‘ಒಬಿಯಿತ್’ ಇದೆ.

ರೋಮನ್ ಸೇನಾಪತಿ ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ 47ರ ವಿಜಯದ ಸಂಬಂಧದಲ್ಲಿ ಹೇಳಿದನೆಂದು ಪ್ರಸಿದ್ಧವಾದ ಮಾತು, ‘ವೇನಿ, ವೀದಿ, ವೀಚಿ’. ಬಂದೆನು, ಕಂಡೆನು, ಗೆದ್ದೆನು. ನಮ್ಮ ಕನ್ನಡದಂತೆಯೇ ಇಲ್ಲಿಯೂ ‘ನಾನು’ ಎಂದು ಬೇರೆಯಾಗಿ ಹೇಳಬೇಕಿಲ್ಲ. ಕ್ರಿಯಾಪದದ ಕೊನೆಯೇ ಅದನ್ನು ತಿಳಿಸುತ್ತದೆ. ದಫ್ತರದ ಪುಟಪುಟದಲ್ಲೂ ಬರುವ ‘ಬಾಪ್ತಿಜಾವಿ’ ಎಂಬುದನ್ನು ಈಗ ನೀವೇ ಓದಬಲ್ಲಿರಿ: ಜ್ಞಾನಸ್ನಾನ ಕೊಟ್ಟೆನು. ಆ ಒಂದು ಸಾಲಿನಲ್ಲಿ ಮಾತ್ರ ‘ಬಾಪ್ತಿಜಾತಾ’ ಎಂದಿತ್ತು. ಕೊನೆಯ ‘ಆ’ಕಾರವು ಸ್ತ್ರೀಲಿಂಗವನ್ನು ಸೂಚಿಸುತ್ತದೆ. ಗುರುವು ಕೊಟ್ಟದ್ದಲ್ಲ, ಮಗುವು ಸೂಲಗಿತ್ತಿಯ ಕೈಯಿಂದ ಪಡೆದದ್ದು.

ಸಂಸ್ಕೃತ ಪದಗಳು ಕನ್ನಡದಲ್ಲಿ ಬೆರೆತಿರುವುದರಿಂದ ನಮಗೆ ಇನ್ನೊಂದು ಅನುಕೂಲವೂ ಉಂಟು. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಹೇಳಿದನು. ‘ಮಾತೆರ್’ ಮಾತೃ, ‘ಪಾತೆರ್’ ಪಿತೃ, ‘ದೇಯುಸ್’ ದೇವ, ‘ನೋಮೆನ್’ ನಾಮ, ‘ಮೊರ್ಸ್’ ಮೃತಿ. ಅಪರಿಚಿತರೆಂದು ತಿಳಿದಿದ್ದವರು ದೂರದ ನೆಂಟರೆಂದು ಗೊತ್ತಾದಂತೆ.

ಅರ್ಥವರಿಯದ ಬಾಯಿಪಾಠ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಹಿರಿಯರು ಅರ್ಥವರಿಯದೆ ಬಾಯಿಪಾಠ ಮಾಡಿದ ಲ್ಯಾಟಿನ್ ನಿಷ್ಪ್ರಯೋಜಕವಾಗಿತ್ತೇ? ನನ್ನ ಅಣ್ಣ ಪೂಜೆಗೆ ಸಹಾಯಕನಾಗಿ ನಿಂತು ‘ದೊಮಿನುಸ್ ವೊಬಿಸ್ಕುಮ್’ ಎಂಬ ಗುರುಗಳ ಹಾರೈಕೆಗೆ ತಡವರಿಸದೆ ಉತ್ತರ ಕೊಡುತ್ತಿದ್ದ. ಅದರ ಅರ್ಥ ಅವನಿಗೆ ಬಾರದು. ನಮ್ಮ ಅಜ್ಜಿ ಕನ್ನಡದ ಪ್ರಾರ್ಥನೆ ಬಂದ ಮೇಲೂ ಸಂತರ ಮನವಿಮಾಲೆಗೆ ‘ಓರಾ ಪ್ರೋ ನೋಬಿಸ್’ ಎಂದೇ ಹೇಳುತ್ತಿದ್ದಳು. ಗುರುಮಠದಿಂದ ರಜೆಗೆ ಬಂದಿದ್ದ ನಾನು, ಹೊಸ ವಿದ್ಯೆಯ ಹಮ್ಮಿನಲ್ಲಿ, “ಅಜ್ಜಿ, ಅದರ ಅರ್ಥ ಗೊತ್ತೇ?” ಎಂದು ಕೇಳಿದೆ. “ಯಾರನ್ನು ಕೇಳಿಕೊಳ್ಳುತ್ತಿದ್ದೇನೆ ಅಂತ ಗೊತ್ತು, ಸಾಲದೇನೋ?” ಎಂದಳು. ‘ನಮಗಾಗಿ ಪ್ರಾರ್ಥಿಸಿರಿ’ ಎಂಬ ಅರ್ಥವನ್ನು ಅಂದು ಆಕೆಗೆ ಮೆಲ್ಲನೆ ತಿಳಿಸುವುದನ್ನು ಬಿಟ್ಟು ನಕ್ಕುಬಿಟ್ಟೆ. ಆ ನಗೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಆಕೆ ಬಾಗಿಲ ಬಳಿಗೆ ತಾನಾಗಿ ಬಂದು ನಿಂತಿದ್ದಳು. ತೆರೆಯಬೇಕಾಗಿದ್ದವನು ನಾನು.

ನಾನು ಹಿಂದಿನ ಕಾಲವನ್ನು ಮರಳಿ ಕರೆಯುತ್ತಿದ್ದೇನೆಂದು ಯಾರೂ ಭಾವಿಸಬಾರದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಶಾಸನವು ಜನರ ಭಾಷೆಗೆ ಬಾಗಿಲು ತೆರೆಯಿತು. ಕನ್ನಡದಲ್ಲಿ ಬಲಿಪೂಜೆಯನ್ನು ಅರ್ಪಿಸುವಾಗ ನಾನು ಪ್ರತಿದಿನವೂ ಅದಕ್ಕಾಗಿ ದೇವರನ್ನು ಸ್ತುತಿಸುತ್ತೇನೆ. ಆದರೆ ಅದೇ ಶಾಸನವು ಲ್ಯಾಟಿನ್ ಉಳಿಯಬೇಕೆಂದೂ ಹೇಳಿದೆ. ಅದಕ್ಕೂ ಮುನ್ನ 1962ರಲ್ಲಿ ಇಪ್ಪತ್ತಮೂರನೆಯ ಜಾನರು ಲ್ಯಾಟಿನ್ ಅಧ್ಯಯನಕ್ಕಾಗಿಯೇ ಆಜ್ಞಾಪತ್ರವೊಂದನ್ನು ಹೊರಡಿಸಿದ್ದರು. ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಲ್ಯಾಟಿನ್‌ನಲ್ಲಿಯೇ ಪ್ರಕಟವಾಯಿತು.

ನನ್ನ ಚಿಂತೆ ರೋಮಿನದಲ್ಲ, ನಮ್ಮ ಬೀರುವಿನದು. ನಿಮ್ಮ ಅಜ್ಜ ಅಜ್ಜಿಯರ ಹುಟ್ಟು, ಮದುವೆ, ಸಾವುಗಳು ಆ ಹಳದಿ ಹಾಳೆಗಳಲ್ಲಿವೆ. ಹಾಳೆಗಳು ಮುರಿಯುತ್ತಿವೆ, ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಈ ಶತಮಾನೋತ್ಸವದ ವರ್ಷದಲ್ಲಿ ಆ ದಫ್ತರಗಳನ್ನು ಪ್ರತಿ ಮಾಡಿ ಕನ್ನಡದಲ್ಲಿ ಬರೆದಿಡುವ ಕೆಲಸಕ್ಕೆ ಕೈಹಾಕಿದ್ದೇವೆ. ಯುವಕ ಯುವತಿಯರು ಭಾನುವಾರದ ಪೂಜೆಯ ಬಳಿಕ ಒಂದು ಗಂಟೆ ಕೊಟ್ಟರೆ ಸಾಕು. ವ್ಯಾಕರಣದ ಭಯ ಬೇಡ. ದಫ್ತರದ ಭಾಷೆ ಮತ್ತೆ ಮತ್ತೆ ಅವೇ ನುಡಿಗಟ್ಟುಗಳಲ್ಲಿ ನಡೆಯುತ್ತದೆ; ಇಪ್ಪತ್ತು ನುಡಿಗಟ್ಟುಗಳನ್ನು ಬಲ್ಲವರು ಒಂದು ಪುಟವನ್ನು ಓದಬಲ್ಲರು. ಅವುಗಳಲ್ಲಿ ಕೆಲವನ್ನು ನೀವು ಈಗಾಗಲೇ ಕಲಿತಿದ್ದೀರಿ.

ಇನ್ನೊಬ್ಬ ತಾಯಿಯ ಪ್ರಶ್ನೆಗೆ ಉತ್ತರವು ಆ ಬೀರುವಿನಲ್ಲಿ ಕಾಯುತ್ತಿರಬಹುದು. ಆಕೆ ಇರುವಾಗಲೇ ಅದನ್ನು ಓದಿ ಹೇಳುವ ಭಾಗ್ಯ ನಮ್ಮದಾಗಲಿ. ನೂರು ವರ್ಷ ನಮ್ಮನ್ನು ನಡೆಸಿದ ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ದೇಯೊ ಗ್ರಾತ್ಸಿಯಾಸ್, ದೇವರಿಗೆ ಕೃತಜ್ಞತೆಗಳು.